ಮಲ್ಲೇಶಿ ಎಲ್ಲಿಗೆ ಬಂದ?

ಮೊನ್ನೆ ಹಾನಗಲ್ಲಿನಲ್ಲಿ ಪ್ಯಾಂಟಿನ ಸೊಂಟ ಬಿಚ್ಚಿಸಿ ಅಗಲ ಮಾಡಿಸಲು ಟೇಲರ್ ಅಂಗಡಿಗೆ ಹೋಗಿದ್ದೆ. ಐವತ್ತರ ಆಚೆ ಕಾಲಿಟ್ಟ ನನ್ನಂಥ ಗುಮಾಸ್ತರು ಟೇಲರ್ ಬಳಿಗೆ ಹೋಗುವುದು ಹೆಚ್ಚಾಗಿ ಈ ಕೆಲಸಕ್ಕೇ. ಅವನು ಟೇಪು ಸುತ್ತಿದ. ಅಂಕಿಯನ್ನು ಬಾಯಿಬಿಟ್ಟು ಹೇಳದೆ ನನ್ನ ಮರ್ಯಾದೆ ಉಳಿಸಿದ. ಆಮೇಲೆ ದಾರ ತೆಗೆಯಲು ಹಿಂದಕ್ಕೆ ತಿರುಗಿದ. ದಾರದ ರೀಲುಗಳನ್ನು ಅವನು ಜೋಡಿಸಿಟ್ಟಿದ್ದದ್ದು ಒಂದು ಹಳೆಯ ಟಿವಿ ಪೆಟ್ಟಿಗೆಯೊಳಗೆ. ಒಳಗಿನ ಗಾಜು, ತಂತಿ ಎಲ್ಲ ಕಿತ್ತು ಹಾಕಿ, ನಡುವೆ ಎರಡು ಹಲಗೆ ಬಡಿದಿದ್ದ. ಆದರೆ ಮುಂದಿನ ಮರದ ಬಾಗಿಲು ಹಾಗೇ ಇತ್ತು. ಎರಡೂ ಕಡೆಯಿಂದ ಸರಿದು ಬಂದು ನಡುವೆ ಕೂಡಿಕೊಳ್ಳುವ, ಬೀಗ ಹಾಕಲು ಸಣ್ಣ ಕಿಂಡಿ ಇರುವ ಬಾಗಿಲು.

"ಇದನ್ನ ಎಲ್ಲಿ ಹಿಡದ್ಯೋ ಮಾರಾಯ?" ಎಂದೆ.

"ಗಿರಣಿ ಮನಿಯವ್ರು ಹಳೇ ಮನಿ ಕೆಡವಿಸಿದಾಗ ಹೊರಗ ಇಟ್ಟಿದ್ರು ಸರ್. ಒಂದೀಟೂ ಗೆದ್ದಲ ಹತ್ತಿಲ್ಲ ನೋಡ್ರಿ" ಎನ್ನುತ್ತ ಅವನು ಬಾಗಿಲನ್ನು ಒಮ್ಮೆ ಮುಚ್ಚಿ, ಒಮ್ಮೆ ತೆರೆದು ತೋರಿಸಿದ. ಅದು ಕರ್ರ್ ಎಂದಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ಟೇಪು ಸುತ್ತಿಕೊಂಡೇ ಎಡಕ್ಕೆ ತಿರುಗಿ ನೋಡಿದೆ. ಎಡಕ್ಕೆ ಯಾಕೆಂದರೆ ಟಿವಿಯ ಮುಂದೆ ನಮ್ಮ ಅಕ್ಕ, ಕಸ್ತೂರಕ್ಕ, ಕೂರುತ್ತಿದ್ದದ್ದು ಯಾವಾಗಲೂ ನನ್ನ ಎಡಕ್ಕೆ. ಅಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು.

ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಓಣಿಗೆಲ್ಲ ಒಂದೇ ಟಿವಿ, ಅಕ್ಕಿ ಗಿರಣಿಯ ಸಾವ್ಕಾರರ ಮನೆಯದು. ಅಪ್ಪ ಆ ಗಿರಣಿಯಲ್ಲಿ ಭತ್ತದ ತೂಕ ನೋಡುತ್ತಿದ್ದ. ಹಾಗಾಗಿ ಆ ಮನೆಯ ಪಡಸಾಲೆಯಲ್ಲಿ ನಮಗೆ ಕೂರಲು ಜಾಗ ಇತ್ತು. ಟಿವಿಯ ಬೀಗದ ಕೈ ಸಾವ್ಕಾರ್ತಿ ಗಂಗಮ್ಮನವರ ಸೊಂಟದಲ್ಲಿ, ದೇವರ ಕೋಣೆಯ ಬೀಗದ ಕೈ ಜೊತೆಗೇ ಇರುತ್ತಿತ್ತು. ಅವರು ಎರಡು ಬಾಗಿಲನ್ನೂ ತೆರೆಯುವುದು ಸ್ನಾನವಾದ ಮೇಲೆಯೇ. ಮೊದಲ ವಾರ ಒಂದು ಊದಿನಕಡ್ಡಿಯನ್ನೂ ಹಚ್ಚಿದ್ದರು. ಹೊಗೆ ಒಳಗೆ ಹೋದರೆ ಕೆಡುತ್ತದೆ ಎಂದು ಯಾರೋ ಹೇಳಿದ ಮೇಲೆ ಬಿಟ್ಟರು.

ಐತವಾರ ಬೆಳಿಗ್ಗೆ ದಿಲ್ಲಿಯಿಂದ ಮಕ್ಕಳ ಕಾರ್ಯಕ್ರಮವೊಂದು ಬರುತ್ತಿತ್ತು. ಅದಕ್ಕೆ ಹಿಂದಿಯಲ್ಲಿ ಉದ್ದನೆಯ ಹೆಸರಿತ್ತು, ಈಗ ನೆನಪಿಲ್ಲ. ನಮ್ಮ ಓಣಿಯಲ್ಲಿ ಅದು 'ಚುಕ್ಕಿ ಆಟ'. ಇಬ್ಬರು ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ, ಬೂಟು ಹಾಕಿಕೊಂಡು ವಿಡಿಯೋ ಗೇಮಿನ ಮುಂದೆ ಕೂರುತ್ತಿದ್ದರು. ಮೈಕು ಹಿಡಿದ ಹೆಣ್ಣುಮಗಳೊಬ್ಬಳು ಏನೇನೋ ಹೇಳಿ ಅವರನ್ನು ಹುರಿದುಂಬಿಸುತ್ತಿದ್ದಳು. ಆಮೇಲೆ ಪರದೆಯ ತುಂಬ ಗಲ್ಲಿಗಳು ಮೂಡುತ್ತಿದ್ದವು. ಗಲ್ಲಿಯಲ್ಲಿ ಒಂದು ಬಿಳಿ ಚುಕ್ಕಿ ಓಡುತ್ತಿತ್ತು, ಅದರ ಬೆನ್ನಿಗೆ ಮೂರು ಮಸುಕು ಚುಕ್ಕಿ. ಅಲ್ಲಲ್ಲಿ ಮಿಣುಕುವ ಸಣ್ಣ ಬೆಳಕುಗಳನ್ನು ಬಿಳಿ ಚುಕ್ಕಿ ಮುಟ್ಟಿದರೆ ಟುಣುಕ್ ಎನ್ನುತ್ತಿತ್ತು. ಇಷ್ಟೇ. ನಾವು ಯಾರೂ ವಿಡಿಯೋ ಗೇಮನ್ನು ಕಣ್ಣಾರೆ ಕಂಡವರಲ್ಲ. ದಿಲ್ಲಿಯ ಮಕ್ಕಳು ಆಡುವುದನ್ನು ಹಾನಗಲ್ಲಿನಲ್ಲಿ ಕೂತು ನೋಡುವುದಕ್ಕೇ ವಿಡಿಯೋ ಗೇಮು ಎನ್ನುತ್ತಾರೆಂದು ನಾನು ಬಹಳ ದಿನ ತಿಳಿದಿದ್ದೆ.

ಈಗ ನಿಮಗೆ ಒಂದು ಪ್ರಶ್ನೆ ಬರಬೇಕು. ಮಕ್ಕಳೇನೋ ನೋಡಿದರು, ಸರಿ. ಆದರೆ ಓಣಿಯ ಹೆಂಗಸರು ಅರ್ಧ ರೊಟ್ಟಿ ತಟ್ಟಿ, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಈ ಚುಕ್ಕಿ ನೋಡಲು ಯಾಕೆ ಕೂರುತ್ತಿದ್ದರು? ಅದಕ್ಕೆ ಕಾರಣ ನಮ್ಮ ಕಸ್ತೂರಕ್ಕ.

ಕಸ್ತೂರಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಆಗ ನಮ್ಮ ಕಡೆ ಹೆಣ್ಣುಮಕ್ಕಳು ಖಾಸಗಿಯಾಗಿ ಹಿಂದಿ ಪರೀಕ್ಷೆ ಕಟ್ಟುವ ರೂಢಿ ಇತ್ತು. ಅಕ್ಕ ಮೊದಲನೆಯದನ್ನು ಹೇಗೋ ದಾಟಿದಳು. ಎರಡನೆಯದರಲ್ಲಿ ನಪಾಸಾದಳು. ಶಾಲೆಯ ಗೋಡೆಗೆ ಹಚ್ಚಿದ ಪಟ್ಟಿಯನ್ನು ನೋಡಲು ನನ್ನನ್ನೇ ಜೊತೆಗೆ ಕರೆದುಕೊಂಡು ಹೋಗಿದ್ದಳು. ತನ್ನ ನಂಬರು ಇಲ್ಲದ್ದನ್ನು ಎರಡು ಸಲ ಬೆರಳಿಟ್ಟು ನೋಡಿದಳು. ಬರುವಾಗ ನನಗೆ ಶೇಂಗಾ ಚಿಕ್ಕಿ ಕೊಡಿಸಿ, "ತಮ್ಮಾ, ಮನ್ಯಾಗ ಬಾಯಿ ಬಿಟ್ಟಿ ಅಂದ್ರ ನೋಡು" ಎಂದಳು. ನಾನು ಬಾಯಿ ಬಿಟ್ಟದ್ದು ಚಿಕ್ಕಿ ತಿನ್ನಲು ಮಾತ್ರ. ಅಪ್ಪನೋ ಚಿಕ್ಕಿ ಕಂಡು ಪಾಸೆಂದೇ ತಿಳಿದು, ಆ ಸಂಜೆಯೇ ಗಿರಣಿಗೆ ಹೋಗಿ, "ನಮ್ಮ ಕಸ್ತೂರಿ ಹಿಂದೀ ಪಾಸ್ ಮಾಡಿದ್ಳ್ರಿ" ಎಂದು ಸಾರಿಬಿಟ್ಟ.

ಸಾವ್ಕಾರರ ಮನೆಗೆ ಟಿವಿ ಬಂತು. ಅದರಲ್ಲಿ ಬರುತ್ತಿದ್ದದ್ದೆಲ್ಲ ಹಿಂದಿ. ಗಂಗಮ್ಮನವರು ಮೊದಲ ಐತವಾರವೇ ಅಕ್ಕನನ್ನು ಕರೆದು ಟಿವಿಯ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದರು. "ಅದೇನ್ ಅಂತಾಳ ಹೇಳವಾ ಕಸ್ತೂರಿ, ನಮಗೂ ತಿಳೀಲಿ" ಎಂದರು. ಮೈಕು ಹಿಡಿದ ಹೆಣ್ಣುಮಗಳು ಪಟಪಟ ಮಾತಾಡುತ್ತಿದ್ದಳು. ಅಕ್ಕ ಅವಳ ಬಾಯನ್ನೇ ನೋಡುತ್ತಿದ್ದಳು. ಅಕ್ಕನ ಕಿವಿ ಕೆಂಪಾಗುತ್ತಿದ್ದದ್ದು ಪಕ್ಕದಲ್ಲಿದ್ದ ನನಗೊಬ್ಬನಿಗೇ ಕಾಣುತ್ತಿತ್ತು. ಪಡಸಾಲೆಯ ತುಂಬ ಹೆಂಗಸರು ಕಾಯುತ್ತಿದ್ದರು.

"ಆ ಬಿಳೀ ಚುಕ್ಕಿ ಐತೆಲ್ರಿ..." ಎಂದು ಅಕ್ಕ ಶುರುಮಾಡಿದಳು. "ಅಂವ ಒಬ್ಬ ಮನಶ್ಯಾ ಅಂತ್ರಿ. ಊರಿಗೆ ಹೊಂಟಾನಂತ."

"ಯಾವ ಊರಿಗಿ?" ಎಂದಳು ತಿರಕವ್ವ.

ತಿರಕವ್ವನನ್ನು ನಿಮಗೆ ತಿಳಿಸಬೇಕು. ಅವಳು ನಮ್ಮ ಎದುರು ಮನೆಯ ಸೊಸೆ. ತವರು ಹಿರೇಕೆರೂರಿನ ಆಚೆ ಒಂದು ಹಳ್ಳಿ. ಮದುವೆಯಲ್ಲಿ ಊಟದ ಪಂಕ್ತಿಯ ವಿಷಯಕ್ಕೆ ಬೀಗರೊಳಗೆ ಮಾತು ಬೆಳೆದು, ಅವಳ ಅಣ್ಣ ಈ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದ. ನಮ್ಮ ಕಡೆ ಪಂಚಮಿ ಬಂದರೆ ಅಣ್ಣನೋ ತಮ್ಮನೋ ಬಂದು ಕೊಟ್ಟ ಹೆಣ್ಣನ್ನು ತವರಿಗೆ ಕರೆದುಕೊಂಡು ಹೋಗಬೇಕು. ಅವಳಿಗೆ ಮೂರು ಪಂಚಮಿ ಹಾಗೇ ಕಳೆದಿದ್ದವು. ಓಣಿಯ ಸೊಸೆಯರೆಲ್ಲ ಕೈಯಲ್ಲಿ ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೋಗುವಾಗ ತಿರಕವ್ವ ಬಾಗಿಲಲ್ಲಿ ನಿಂತು ಅಕ್ಕಿ ಹಸನು ಮಾಡುತ್ತಿದ್ದಳು. ಹಸನಾದ ಅಕ್ಕಿಯನ್ನೇ ಮತ್ತೆ ಹಸನು ಮಾಡುತ್ತಿದ್ದಳು ಎಂದು ಅವ್ವ ಹೇಳುತ್ತಿದ್ದಳು.

ಅಕ್ಕ ತಿರಕವ್ವನ ಮುಖ ನೋಡಿದಳು. ಆಮೇಲೆ ಪರದೆ ನೋಡಿದಳು. "ತಂಗೀ ಊರಿಗ್ರಿ" ಎಂದಳು. "ಇಂವನ ಹೆಸರು ಮಲ್ಲೇಶಿ. ತಿಳವಳ್ಳ್ಯಾಂವ. ತಂಗೀನ ದುಂಡಸಿಗಿ ಕೊಟ್ಟಾರ. ಪಂಚಮಿಗಿ ಕರಿಯಾಕ ಹೊಂಟಾನ."

ದಿಲ್ಲಿಯ ಹೆಣ್ಣುಮಗಳು ಪಟ್ಟ ಪಾಡೆಲ್ಲ ವ್ಯರ್ಥವಾಯಿತು. ಹೆಂಗಸರೆಲ್ಲ ಒಂದು ಗೇಣು ಮುಂದಕ್ಕೆ ಸರಿದು ಕೂತರು.

ಅಂದಿನಿಂದ ಪರದೆಯ ಮೇಲಿನ ಗಲ್ಲಿಗಳೆಲ್ಲ ನಮ್ಮ ಗಲ್ಲಿಗಳಾದವು. ಇದು ಹಾನಗಲ್ಲಿನ ಕೆರೆ ಏರಿ, ಇದು ಕಬ್ಬಿನ ಗದ್ದೆಯ ಬದು, ಇದು ಸಂತೆಯ ಓಣಿ ಎಂದು ಅಕ್ಕ ಗುರುತು ಹೇಳುತ್ತಿದ್ದಳು. ಹಿಂದೆ ಬೀಳುವ ಮೂರು ಚುಕ್ಕಿಗಳಿಗೂ ಒಂದೊಂದು ರೂಪ ಬಂತು. ಒಂದು ತಿಳವಳ್ಳಿಯ ಕಚ್ಚುವ ನಾಯಿ. ಇನ್ನೊಂದು ಕಣ್ಣಿ ಹರಿದುಕೊಂಡ ಹೋರಿ. ಮೂರನೆಯದು ಬೀಗರ ಪೈಕಿ ಒಬ್ಬ ಹಿರಿಯ. ಅವನು ಹಾದಿಯಲ್ಲಿ ಎದುರಾದರೆ ಕೈ ಹಿಡಿದು, "ಬರ್ರಿ, ಊಟಾ ಮಾಡ್ಕೊಂಡು ಹೋಗೀರಂತ" ಎಂದು ಮನೆಗೆ ಎಳೆದುಕೊಂಡು ಹೋಗುತ್ತಾನೆ. ನಾಯಿ ಕಚ್ಚಿದರೆ ಓಡಬಹುದು, ಹೋರಿ ಬಂದರೆ ಮರ ಹತ್ತಬಹುದು. ಬೀಗರು ಹಿಡಿದರೆ ಮುಗಿಯಿತು, ಸಂಜೆಯತನಕ ಬಿಡುವುದಿಲ್ಲ. ಆ ಮೂರನೆಯ ಚುಕ್ಕಿ ಹತ್ತಿರ ಬಂದರೆ ಹೆಂಗಸರು, "ಮಲ್ಲೇಶೀ, ಆ ಕಡೆ ಹಾಯೋ!" ಎಂದು ನಿಜವಾಗಿಯೂ ಕೂಗುತ್ತಿದ್ದರು.

ಮಿಣುಕುವ ಬೆಳಕುಗಳು ಪಂಚಮಿಯ ಉಂಡಿಗಳಾದವು. ತಂಗಿಗೆಂದು ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿ. ಮಲ್ಲೇಶಿಗೆ ದಣಿವಾದಾಗ ಒಂದು ಬಾಯಿಗೆ ಹಾಕಿಕೊಳ್ಳುತ್ತಾನೆ, ಆಗ ಮೈಯಲ್ಲಿ ಕಸುವು ಬರುತ್ತದೆ. ದಿಲ್ಲಿಯ ಹುಡುಗ ಚೆನ್ನಾಗಿ ಆಡಿದ ದಿನ ಟುಣುಕ್ ಟುಣುಕ್ ಎಂದು ಬಿಡುವಿಲ್ಲದೆ ಉಂಡಿ ಖಾಲಿಯಾಗುತ್ತಿದ್ದವು. ಅಂಥ ದಿನ ಗಂಗಮ್ಮನವರಿಗೆ ಸಿಟ್ಟು ಬರುತ್ತಿತ್ತು. "ಎಂಥಾ ಹೊಟ್ಟಿಬಾಕ ಇಂವ! ಹಾದ್ಯಾಗ ಎಲ್ಲಾ ತಾನ ತಿಂದ್ರ ತಂಗಿಗಿ ಏನ್ ಒಯ್ತಾನ?" ಎನ್ನುತ್ತಿದ್ದರು. ದಿಲ್ಲಿಯಲ್ಲಿ ಆ ಹುಡುಗನಿಗೆ ಚಪ್ಪಾಳೆ, ಹಾನಗಲ್ಲಿನಲ್ಲಿ ಬೈಗುಳ.

ನಾವು ಹುಡುಗರು ಗಿರಣಿಯ ಅಂಗಳದಲ್ಲಿ ಅದನ್ನೇ ಆಡುತ್ತಿದ್ದೆವು. ಕುದಿಸಿದ ಭತ್ತವನ್ನು ಒಣಗಲು ಹರವಿ, ಹೆಣ್ಣಾಳುಗಳು ಕಾಲಲ್ಲಿ ಎಳೆದು ಸಾಲು ಮಾಡುತ್ತಿದ್ದರು. ಆ ಸಾಲುಗಳೇ ನಮಗೆ ಗಲ್ಲಿ. ನಾನು ಆಗಲೂ ಸ್ವಲ್ಪ ದುಂಡಗೆ ಇದ್ದೆ. ಹಾಗಾಗಿ ನನಗೆ ಮಲ್ಲೇಶಿಯ ಪಾತ್ರ ಒಂದು ದಿನವೂ ಸಿಗಲಿಲ್ಲ, ಯಾವಾಗಲೂ ಬೀಗರು. ಓಡಿ ಹಿಡಿದು, "ಊಟಾ ಮಾಡ್ಕೊಂಡು ಹೋಗ್ರಿ" ಎನ್ನಬೇಕು. ಬರಿಗಾಲಿಗೆ ಬಿಸಿ ಭತ್ತ ಚುಚ್ಚುತ್ತಿತ್ತು. ಅದರ ವಾಸನೆ ಅಂಗಿಗೆ ಹತ್ತಿ ಸೋಮವಾರವೂ ಶಾಲೆಯಲ್ಲಿ ಬರುತ್ತಿತ್ತು. ಈಗ ಅಂಥ ಅಂಗಳವೇ ಇಲ್ಲ. ಯಂತ್ರದಲ್ಲಿ ಒಣಗುತ್ತದಂತೆ.

ಒಂದು ಐತವಾರ ಮಲ್ಲೇಶಿ ಮೂರು ಸಲ ಸಿಕ್ಕಿಬಿದ್ದ. ಮರುದಿನ ಬೆಳಿಗ್ಗೆ ತಿರಕವ್ವ ನನ್ನನ್ನು ಕರೆದು, ಓಣಿಯ ತುದಿಯ ಗ್ರಾಮದೇವಿಯ ಗುಡಿಗೆ ಜೊತೆಗೆ ಬಾ ಎಂದಳು. ಹೋದೆ. ಅವಳು ಸೆರಗಿನ ಮರೆಯಿಂದ ಕಾಯಿ ತೆಗೆದು ಪೂಜಾರಿಯ ಕೈಗೆ ಕೊಟ್ಟಳು. ಪೂಜಾರಿ ವಾಡಿಕೆಯಂತೆ, "ಯಾರ ಹೆಸರಿಲೆ ಒಡೀಲಿ?" ಎಂದು ಕೇಳಿದ.

"ಮಲ್ಲೇಶಿ ಅಂತ್ರಿ. ತಿಳವಳ್ಳ್ಯಾಂವ" ಎಂದಳು ತಿರಕವ್ವ. "ಹಾದ್ಯಾಗ ಅದಾನ್ರಿ. ಪಾಪ, ಭಾಳ ತ್ರಾಸ ಆಗೇತಿ."

ಪೂಜಾರಿ ಒಡೆದ. ನಾನು ನಗಲಿಲ್ಲ. ನನಗೂ ಅದು ಸರಿ ಎನ್ನಿಸಿತ್ತು. ಅರ್ಧ ಕಾಯಿ ನನಗೇ ಕೊಟ್ಟಳು, ಅಕ್ಕನಿಗೆ ಹೇಳಬೇಡ ಎಂದಳು. ಹೀಗೆ ಎರಡೂ ಕಡೆ ತಿಂದು ಬಾಯಿ ಮುಚ್ಚಿಕೊಂಡು ಇರುವುದೇ ನನ್ನ ಬಾಲ್ಯದ ಉದ್ಯೋಗವಾಗಿತ್ತು.

ಇಷ್ಟರಲ್ಲಿ ಅಕ್ಕನಿಗೆ ಸವಣೂರಿನಿಂದ ಒಂದು ಸಂಬಂಧ ಬಂತು. ವೀಳ್ಯದೆಲೆ ವ್ಯಾಪಾರದ ಮನೆತನ. ಹುಡುಗನ ಹೆಸರು ಬಸವಂತಪ್ಪ. ನಡುವೆ ಮಾತಾಡಿದವರು ಗಂಗಮ್ಮನವರೇ. ನಮ್ಮ ಮನೆಯಲ್ಲಿ ಎರಡೇ ಕುರ್ಚಿ, ಅದರಲ್ಲೊಂದಕ್ಕೆ ಕಾಲು ಸರಿ ಇರಲಿಲ್ಲ. ಆದ್ದರಿಂದ ಹೆಣ್ಣು ತೋರಿಸುವುದು ತಮ್ಮ ಪಡಸಾಲೆಯಲ್ಲೇ ಆಗಲಿ ಎಂದು ಅವರು ಹಟ ಹಿಡಿದರು. ದಿನ ಐತವಾರವೆಂದೇ ನಿಗದಿಯಾಯಿತು.

ಉಪ್ಪಿಟ್ಟು, ಬಾಳೆಹಣ್ಣು ಆಯಿತು. ಅಕ್ಕ ಚಹಾ ಕೊಟ್ಟು ಹೋಗಿ ಗೋಡೆಗೆ ಒರಗಿ ಕೂತಳು. ಹುಡುಗನ ಸೋದರಮಾವ ಒಬ್ಬರು ದಪ್ಪ ಮೀಸೆಯವರು. "ಹುಡಿಗಿ ಏನ್ ಓದ್ಯಾಳ?" ಎಂದು ಕೇಳಿದರು. ಅಪ್ಪ ಎದೆಯುಬ್ಬಿಸಿ, "ಎಸ್ಸೆಸ್ಸೆಲ್ಸಿ ಆಗೇತ್ರಿ. ಮ್ಯಾಲೆ ಹಿಂದೀ ಪಾಸ್ ಮಾಡ್ಯಾಳ್ರಿ" ಎಂದ. ನನ್ನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು.

ಗಂಗಮ್ಮನವರು ಸುಮ್ಮನಿರಬೇಕಲ್ಲ. "ಬರೇ ಪಾಸ್ ಅಲ್ರಿ, ಟಿವಿ ಹಚ್ಚಿದ್ರ ಹಿಂದ್ಯಾಗಿಂದು ಎಲ್ಲಾ ನಮಗ ಕನ್ನಡದಾಗ ಹೇಳ್ತಾಳ. ಈಗ ಹೊತ್ತಾತು, ನೀವ ನೋಡ್ರಿ" ಎನ್ನುತ್ತ ಸೊಂಟದ ಬೀಗದ ಕೈ ತೆಗೆದರು. ಬಾಗಿಲು ಕರ್ರ್ ಎಂದಿತು. ಮೈಕಿನ ಹೆಣ್ಣುಮಗಳು ಬಂದಳು, ಗಲ್ಲಿಗಳು ಬಂದವು, ಮಲ್ಲೇಶಿ ಬಂದ. ಕಿಟಕಿಯ ಹೊರಗೆ ಓಣಿಯ ಹೆಂಗಸರು ಬಂದು ನಿಂತರು. ತಿರಕವ್ವ ಸರಳು ಹಿಡಿದು ನಿಂತಿದ್ದಳು.

ಆಗ ಮೀಸೆಯ ಹಿರಿಯರು ಒಂದು ಮಾತು ಹೇಳಿದರು. "ಭೇಷ್ ಆತು ಬಿಡ್ರಿ. ನಮ್ಮ ಬಸವಂತಗೂ ಹಿಂದೀ ನೀರು ಕುಡದಂಗ ಬರತೈತಿ. ಎಲಿ ಪೆಂಡಿ ಕೂಡ ವರ್ಷಕ್ಕ ನಾಕು ಸರ್ತಿ ಮುಂಬೈಗೆ ಹೋಗಿ ಬರ್ತಾನ."

ಅಕ್ಕ ತಲೆ ಎತ್ತಲಿಲ್ಲ. ಹೊರಗೆ ಹೆಂಗಸರು ಕಾಯುತ್ತಿದ್ದರು. ಈಗ ನಿಜವನ್ನು ಹೇಳಬೇಕೆಂದರೆ ಅವಳಿಗೆ ನಿಜ ಏನೆಂದು ಗೊತ್ತಿರಲಿಲ್ಲ. ಸುಳ್ಳು ಹೇಳಿದರೆ ಹಿಡಿಯುವವನು ಎದುರಿಗೇ ಕೂತಿದ್ದ. ತಲೆನೋವು ಎಂದು ಎದ್ದು ಹೋಗಬಹುದಿತ್ತು. ಹೋಗಲೆಂದು ನಾನು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ. ಅವಳು ಮಾತ್ರ ಒಮ್ಮೆ ಕಿಟಕಿಯ ಕಡೆ ನೋಡಿ, ಎಂದಿನ ಹಾಗೆ ಶುರುಮಾಡಿದಳು.

"ಮಲ್ಲೇಶಿ ಇವತ್ತ ಕೆರಿ ಏರಿ ದಾಟಿದ್ರಿ. ಹೋರಿ ಹಿಂದ ಬಿತ್ತು. ಓಡಿ ಓಡಿ ದಣದಾನ. ನಾ ತಿರುಗಿ ಹೋಗ್ಲೇನು ಅಂತ ಅಂವಂಗ ಅನಿಸೇತಿ. ಆದ್ರ ತಂಗಿ ಬಾಗಲದಾಗ ನಿಂತಿರತಾಳ ಅಂತ ನೆನಪಾಗೇತ್ರಿ. ಮತ್ತ ಎದ್ದು ಹೊಂಟ."

ಕಿಟಕಿಯಲ್ಲಿ ತಿರಕವ್ವ ಮೂಗು ಒರೆಸಿಕೊಂಡಳು. ಮೀಸೆಯವರಿಗೆ ಏನೋ ಅನುಮಾನ ಬಂತು. "ಇದು ಹುಡುಗ್ರ ಆಟ ಅಲ್ಲೇನು? ಏನ್ ಬಸವಂತಾ, ಆಕಿ ಹೇಳೂದು ಖರೇನೇನು?" ಎಂದರು.

ಬಸವಂತಪ್ಪ ಪರದೆಯನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ಚಹಾದ ಬಟ್ಟಲನ್ನು ನಿಧಾನಕ್ಕೆ ಕೆಳಗಿಟ್ಟ.

"ಖರೇನ ಐತಿ ಮಾಮಾ" ಎಂದ. "ಆದ್ರ ಒಂದ್ ಮಾತು ಅವರು ಬಿಟ್ರು. ಮಲ್ಲೇಶಿ ಕೈಯಾಗ ಒಂದು ಎಲಿ ಪೆಂಡಿ ಐತಿ. ಸವಣೂರ ಎಲಿ. ತಂಗೀ ಮನ್ಯಾಗಿನ ಹಿರ್ಯಾರಿಗಂತ ಒಯ್ಯಾಕತ್ತಾನಂತ."

ಅಕ್ಕ ತಟ್ಟನೆ ತಲೆಯೆತ್ತಿದಳು. ಅವನು ನಗಲಿಲ್ಲ, ತುಟಿಯಂಚು ಮಾತ್ರ ಅಲುಗಿತು. ಕಿಟಕಿಯ ಹೊರಗೆ ಹೆಂಗಸರು, "ಎಲೀನೂ ತಗೊಂಡು ಹೊಂಟಾನಂತ ನೋಡವಾ, ಎಷ್ಟು ತಿಳವಳಿಕಿ" ಎಂದು ಮಾತಾಡಿಕೊಂಡರು. ಅವತ್ತೇ ಮಾತು ಗಟ್ಟಿಯಾಯಿತು. ಎಲ್ಲರೂ ಸಂತೋಷಪಟ್ಟರು. ನಾನೂ ಆ ಗಳಿಗೆಯಲ್ಲಿ ಪಟ್ಟೆ. ಅಕ್ಕನ ಮಾನ ಉಳಿಯಿತು ಎಂಬುದಷ್ಟೇ ನನಗೆ ಹೊಳೆದಿತ್ತು, ಅಕ್ಕ ಹೋಗುತ್ತಾಳೆ ಎಂಬುದು ಹೊಳೆದಿರಲಿಲ್ಲ.

ಮದುವೆ ಮುಗಿದ ಮೇಲಿನ ಮೊದಲ ಐತವಾರ ಹೆಂಗಸರು ಪಡಸಾಲೆಗೆ ಬಂದು, ಟಿವಿ ನೋಡದೆ ನನ್ನ ಮುಖ ನೋಡಿದರು. ಅಕ್ಕನ ಮಣೆಯ ಮೇಲೆ ನನ್ನನ್ನು ಕೂರಿಸಿದ್ದರು. ಚುಕ್ಕಿ ಓಡುತ್ತಿತ್ತು. ನಾನು ನೋಡೇ ನೋಡಿದೆ. ಅದೇ ಗಲ್ಲಿ, ಅದೇ ಬೆಳಕು. ನನಗೆ ಕೆರೆ ಏರಿಯೂ ಕಾಣಲಿಲ್ಲ, ಬೀಗರೂ ಕಾಣಲಿಲ್ಲ.

"ಮಲ್ಲೇಶಿ ಎಲ್ಲಿಗಿ ಬಂದನೋ?" ಎಂದು ತಿರಕವ್ವ ಕೇಳಿದಳು.

ನನಗೆ ಅಕ್ಕನ ಮೇಲೆ, ಆ ಎಲೆಯವನ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು. "ಮಲ್ಲೇಶಿ ಯಾರೂ ಇಲ್ಲ. ಅದು ಬರೇ ಚುಕ್ಕಿ. ಆ ಹುಡುಗ್ರು ಕಡ್ಡಿ ಅಲಗ್ಯಾಡಸ್ತಾರ, ಅದು ಓಡತೈತಿ" ಎಂದುಬಿಟ್ಟೆ.

ತಿರಕವ್ವ ಎದ್ದಳು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಇರ್ಲಿ ಬಿಡಪ್ಪಾ. ನಿಮ್ಮಕ್ಕಗ ಕಾಣತಿತ್ತು. ನಿಂಗ ಕಾಣಂಗಿಲ್ಲ" ಎಂದಳು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಮುಂದಿನ ವಾರದಿಂದ ಹೆಂಗಸರು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಬರುವುದು ನಿಂತಿತು. ಕೆಲವು ತಿಂಗಳಲ್ಲಿ ಆ ಕಾರ್ಯಕ್ರಮವೂ ನಿಂತಿತು. ತಿರಕವ್ವನ ಅಣ್ಣ ಕಡೆಗೂ ಬಂದನೋ ಇಲ್ಲವೋ ನನಗೆ ತಿಳಿಯದು. ಅದನ್ನು ಕೇಳಬೇಕು ಎನ್ನಿಸುವ ವಯಸ್ಸು ನನಗೆ ಬರುವಷ್ಟರಲ್ಲಿ ಅವರು ಓಣಿ ಬಿಟ್ಟಿದ್ದರು.

ಮೊದಲ ಪಂಚಮಿಗೆ ಅಪ್ಪನ ಜೊತೆ ಸವಣೂರಿಗೆ ಹೋಗಿ ಅಕ್ಕನನ್ನು ಕರೆತಂದೆ. ಬಂಕಾಪುರದಲ್ಲಿ ಬಸ್ಸಿಗೆ ಕಾಯುವಾಗ ಅವಳ ಮಗ್ಗುಲಿಗೆ ಒತ್ತಿ ಕೂತು, ಮೆಲ್ಲಗೆ, "ಅಕ್ಕಾ, ಮಲ್ಲೇಶಿ ಎಲ್ಲಿಗಿ ಬಂದ?" ಎಂದು ಕೇಳಿದೆ. ಅಕ್ಕ ನಕ್ಕಳು. ಬಸ್ಸು ಹತ್ತಿದ ಮೇಲೆ ಹೇಳತೊಡಗಿದಳು, ಹಾನಗಲ್ ಬಂದರೂ ಮುಗಿಯಲಿಲ್ಲ. ಟಿವಿಯಲ್ಲಿ ಆಟವೇ ಇರದಿದ್ದರೂ ಅವಳಿಗೆ ಕಾಣುತ್ತಿತ್ತು. ಉಳಿದದ್ದು ಮುಂದಿನ ಪಂಚಮಿಗೆ ಎಂದಳು. ಹೀಗೆ ವರ್ಷಕ್ಕೊಂದು ಕಂತು. ನಾನು ಮೀಸೆ ಬಂದ ಮೇಲೂ ಕೇಳುತ್ತಿದ್ದೆ, ಬಸ್ಸಿನಲ್ಲಿ ಬೇರೆಯವರಿಗೆ ಕೇಳಿಸದ ಹಾಗೆ. ಅಪ್ಪ ಹೋದ ಮೇಲೆ ನಾನೊಬ್ಬನೇ ಹೋಗಿ ಕರೆತರುತ್ತಿದ್ದೆ. ಕೊನೆಯ ಸಲ ಹೇಳಿದಾಗ ಮಲ್ಲೇಶಿ ದುಂಡಸಿಯ ಅಗಸಿಬಾಗಿಲ ಹೊರಗೆ ಬಂದು ನಿಂತಿದ್ದ. ತಂಗಿಯ ಮನೆಗೆ ಇನ್ನು ಎರಡೇ ಓಣಿ ಇತ್ತು.

ಆಮೇಲೆ ಅವ್ವ ಹೋದಳು. ಆ ವರ್ಷ ಸೂತಕವೆಂದು ಹೋಗಲಿಲ್ಲ. ಮರುವರ್ಷ ಕಚೇರಿಯಲ್ಲಿ ತನಿಖೆ ಎಂದು ಹೋಗಲಿಲ್ಲ. ಅದರ ಮರುವರ್ಷ ಯಾಕೆ ಹೋಗಲಿಲ್ಲ ಎಂಬುದು ನೆನಪಿಲ್ಲ. ಒಮ್ಮೆ ಕುಬಸದ ಖಣವನ್ನು ಅಂಚೆಯಲ್ಲಿ ಕಳಿಸಿದೆ. ಆಮೇಲೆ ಫೋನ್ ಬಂತು, ಇನ್ನೂ ಹಗುರವಾಯಿತು. ಮದುವೆ, ಮುಂಜಿಯಲ್ಲಿ ಭೇಟಿಯಾಗುತ್ತಿದ್ದೆವು, ಜಗಳವೇನೂ ಇರಲಿಲ್ಲ. ಪಂಚಮಿಯ ಮುಂಚೆ ಮಾತ್ರ ನಾನೇ ಫೋನ್ ಮಾಡಿ, "ಅಕ್ಕಾ, ಈ ಸರ್ತಿ ಕಚೇರ್ಯಾಗ ಕೆಲಸ ಭಾಳ ಐತಿ" ಎನ್ನುತ್ತಿದ್ದೆ. ಅವಳು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾರ ಬೀಗರು ಹಿಡದಾರ ಅನ್ನು" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹಾನಗಲ್ಲಿನಿಂದ ಸವಣೂರಿಗೆ ಬಸ್ ಬದಲಿಸಿ ಹೋದರೂ ಎರಡು ತಾಸಿನ ಹಾದಿ. ಆ ಎರಡು ತಾಸು ದಾಟಲಾಗದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದೆ.

ಟೇಲರ್ ಆ ಬಾಗಿಲನ್ನು ತೆರೆದಾಗ ನನಗೆ ಹೊಳೆದದ್ದು ಇದು. ಅಕ್ಕ ಅಷ್ಟು ವರ್ಷದಿಂದ ಫೋನಿನಲ್ಲಿ ನಗುತ್ತ ಹೇಳುತ್ತಿದ್ದದ್ದು ನನ್ನ ಬಗ್ಗೆ. ಇಷ್ಟು ಸರಳವಾದದ್ದು ಒಬ್ಬ ಗುಮಾಸ್ತನಿಗೆ ಇಷ್ಟು ತಡವಾಗಿ ತಿಳಿಯಬಾರದಿತ್ತು. ಪಂಚಮಿಗೆ ಇನ್ನು ನಾಲ್ಕು ದಿನ ಇತ್ತು. ಮನೆಗೆ ಬಂದು ಹೆಂಡತಿಗೆ ಉಂಡಿ ಕಟ್ಟು ಎಂದೆ. ಅವಳು ಯಾಕೆ ಎಂದು ಕೇಳಿದಳು. ಅಕ್ಕನ ಮನೆಗೆ ಎಂದೆ. ಅವಳು ಮತ್ತೆ ಕೇಳದೆ ಶೇಂಗಾ ಹುರಿಯಲು ಇಟ್ಟಳು.

ಫೋನ್ ಮಾಡದೆ ಹೋದೆ. ಬಂಕಾಪುರದಲ್ಲಿ ಬಸ್ಸು ತಡವಾಯಿತು. ಅಲ್ಲಿ ಸಿಕ್ಕ ಪರಿಚಯದವರೊಬ್ಬರು ನಿಜಕ್ಕೂ ಕೈ ಹಿಡಿದು, "ಬರ್ರಿ ಮನಿಗಿ, ಊಟಾ ಮಾಡ್ಕೊಂಡು ಹೋಗೀರಂತ" ಎಂದರು. ನಾನು ಕೈ ಬಿಡಿಸಿಕೊಂಡು ಓಡಿದ್ದನ್ನು ನೋಡಿ ಅವರಿಗೆ ಏನನ್ನಿಸಿತೋ. ಹೊಸ ಅಳತೆಯ ಪ್ಯಾಂಟು ಇದ್ದದ್ದರಿಂದ ಓಡಲು ಆಯಿತು.

ಸವಣೂರಿನಲ್ಲಿ ಅವರ ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಏನೋ ಹಸನು ಮಾಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿದೆ. ನೆರಳು ಬಿದ್ದದ್ದಕ್ಕೆ ತಲೆಯೆತ್ತಿ ನೋಡಿದಳು. ನನ್ನ ಕೈಯ ಚೀಲ ನೋಡಿದಳು. ಮೊರವನ್ನು ಪಕ್ಕಕ್ಕಿಟ್ಟು, ಕಣ್ಣು ನನ್ನ ಮೇಲೇ ಇಟ್ಟುಕೊಂಡು, ಒಳಗಿನ ಕೋಣೆಯ ಕಡೆ ಕೂಗಿದಳು.

"ಏನ್ರೀ, ಮಲ್ಲೇಶಿ ಬಂದ್ರೀ!"

ಒಳಗಿನಿಂದ ಬಸವಂತಪ್ಪ ಮಾಮಾನ ಮುದಿ ದನಿ ಒಂದು ಕ್ಷಣವೂ ತಡೆಯದೆ ಬಂತು.

"ಎಲಿ ಪೆಂಡಿ ತಂದಾನೇನು ಕೇಳು."

ತಂದಿರಲಿಲ್ಲ. ಉಂಡಿಯ ಡಬ್ಬಿಯೊಂದೇ ಇತ್ತು. ಅದರಲ್ಲೂ ಬಸ್ಸಿನಲ್ಲಿ ಎರಡು ತಿಂದಿದ್ದೆ.